ಹವಳ ಏನು ತಿನ್ನುತ್ತೆ?

“ಮೇಡಂ, ನನಗೆ ಬೇರೆ ಪಾರ್ಟ್ನರ್ ಕೊಡಿ. ಅವಳು ಏನೂ ಮಾಡ್ತಾ ಇಲ್ಲ.”

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಚಿಟಿಕೆ ಒಂದೇ ಉಸಿರಿಗೆ ಹೇಳಿಬಿಟ್ಟಳು. ಯಾವ ಕೆಲಸವಾದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತಾಳೆಂದು ಕ್ಲಾಸಿನವರು ಇಟ್ಟ ಹೆಸರು ಅದು. ಅವಳ ಜೊತೆಗಾತಿಯನ್ನು ಎಲ್ಲರೂ ಮೆಲ್ಲಿ ಎನ್ನುತ್ತಿದ್ದರು. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು.

ಪ್ರಾಜೆಕ್ಟಿಗೆ ಸಿಕ್ಕಿದ್ದು ಹವಳ. ಇಬ್ಬರಿಗೂ ಅದರ ತಲೆಬುಡ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯವಾದರೆ ಮೊದಲು ವಿಶ್ವಕೋಶ ನೋಡಿ, ಅಲ್ಲಿ ಸಿಗುವ ಹೊಸ ಪದಗಳನ್ನು ಬರೆದುಕೊಳ್ಳಿ, ಆಮೇಲೆ ಬೇರೆ ಪುಸ್ತಕ ಹುಡುಕಿ ಎಂದು ಲೈಬ್ರರಿ ಮೇಡಂ ಹೇಳಿದ್ದರು. ಮೆಲ್ಲಿ ಮೂರು ದಿನ ಊಟದ ಬಿಡುವಿನಲ್ಲಿ ಆ ದಪ್ಪ ಪುಸ್ತಕದ ಮುಂದೆಯೇ ಕೂತಳು. ಒಂದು ಸಾಲು ಓದುವುದು, ನಿಘಂಟು ತೆರೆಯುವುದು, ಮತ್ತೆ ಓದುವುದು. ಮೂರು ದಿನಕ್ಕೆ ಏಳು ಪದ. ಅಷ್ಟರಲ್ಲಿ ಚಿಟಿಕೆ ಅಕ್ಕನ ಫೋನಿನಿಂದ ಚಿತ್ರಗಳನ್ನು ಪ್ರಿಂಟ್ ಮಾಡಿಸಿ ಚಾರ್ಟಿಗೆ ಅಂಟಿಸಿಯೂ ಆಗಿತ್ತು.

ಚಿಟಿಕೆಯ ಮಾತು ಕೇಳಿ ಕ್ಲಾಸ್ ಮೇಡಂ ಮೆಲ್ಲಿಯನ್ನು ಜ್ವಾಲಾಮುಖಿಯ ಗುಂಪಿಗೆ ಸೇರಿಸಿದರು. ಮೆಲ್ಲಿ ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು.

ಸೋಮವಾರ ಚಿಟಿಕೆ ಚಾರ್ಟು ಹಿಡಿದು ನಿಂತಳು. ಹವಳ ಸಮುದ್ರದ ಅಂದವಾದ ಗಿಡ ಎಂದು ಶುರುಮಾಡಿದಳು. ಅದು ಏನು ತಿನ್ನುತ್ತದೆ ಎಂದು ಮೇಡಂ ಕೇಳಿದರು.

“ಗಿಡ ಅಲ್ವಾ ಮೇಡಂ, ಏನೂ ತಿನ್ನಲ್ಲ. ಬೇರಿಂದ ನೀರು ಕುಡಿಯುತ್ತೆ.”

ಹವಳ ಗಿಡವಲ್ಲ, ಪ್ರಾಣಿ ಎಂದು ಮೇಡಂ ಹೇಳಿದಾಗ ಇಡೀ ಕ್ಲಾಸು ಗೊಳ್ಳೆಂದಿತು. ಚಿಟಿಕೆಯ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ಮೆಲ್ಲಿ ನಗುತ್ತಿರಲಿಲ್ಲ. ತಲೆ ತಗ್ಗಿಸಿ ಕೂತಿದ್ದಳು.

ಬಿಡುವಿನಲ್ಲಿ ಚಿಟಿಕೆ ಅವಳ ಹತ್ತಿರ ಹೋದಳು. “ಅದು ಪ್ರಾಣಿ ಅಂತ ನಿನಗೆ ಗೊತ್ತಿತ್ತಾ?”

“ಮೊದಲನೇ ಸಾಲಲ್ಲೇ ಇತ್ತು,” ಎಂದಳು ಮೆಲ್ಲಿ. “ಪೂರ್ತಿ ಓದಿ ಹೇಳೋಣ ಅಂತಿದ್ದೆ. ಓದಿ ಮುಗಿಸಿ ನಿನ್ನ ಹುಡುಕ್ಕೊಂಡು ಬಂದೆ. ನೀನು ಸ್ಟಾಫ್ ರೂಮ್ ಹತ್ರ ಮಾತಾಡ್ತಿದ್ದೆ.”

ಚಿಟಿಕೆ ಮತ್ತೆ ನನ್ನ ಜೊತೆ ಕೂರ್ತೀಯಾ ಎಂದು ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಜ್ವಾಲಾಮುಖಿಯವರು ಕರೆದರು. ಮೆಲ್ಲಿ ಎದ್ದು ಹೋದಳು.

ಚಿಟಿಕೆ ಲೈಬ್ರರಿಗೆ ಹೋಗಿ ವಿಶ್ವಕೋಶ ತೆರೆದಳು. ಮೊದಲನೇ ಸಾಲಿನಲ್ಲೇ ‘ಅಕಶೇರುಕ’ ಎಂದಿತ್ತು. ನಿಘಂಟು ತಡಕಾಡಿದಳು: ಬೆನ್ನುಮೂಳೆ ಇಲ್ಲದ ಪ್ರಾಣಿ. ಮತ್ತೆ ಓದಿದಳು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಎಷ್ಟು ಓದಿದೆ ಎಂದು ಹೇಳಲು ಪಕ್ಕಕ್ಕೆ ತಿರುಗಿದಳು. ಕುರ್ಚಿ ಖಾಲಿ ಇತ್ತು. ಆ ಮೂರು ದಿನವೂ ಮೆಲ್ಲಿಯ ಪಕ್ಕದಲ್ಲಿ ಅದು ಹೀಗೇ ಖಾಲಿ ಇದ್ದಿರಬೇಕು.