ತಳ ಸಿಗದ ದೋಣಿ

ರಬಕವಿಯ ಹತ್ತಿರ ಜನರನ್ನು ಹೊಳೆ ದಾಟಿಸಲು ನನಗೂ ಮುರಗೆಪ್ಪ ಮಾವನಿಗೂ ಒಂದು ದೋಣಿ ಬೇಕಿತ್ತು. ಹಳೆಯದೊಂದು ಮಾರಾಟಕ್ಕಿತ್ತು. ಕೊಳ್ಳುವ ಮೊದಲು ದೋಣಿಯನ್ನು ದಂಡೆಗೆ ಎಳೆದು, ಒಳಗೆ ನೀರು ತುಂಬಿ, ಸೋರುತ್ತದೆಯೇ ಎಂದು ನೋಡುವುದು ನಮ್ಮ ಕಡೆಯ ಪದ್ಧತಿ. ಹನಿಯೂ ಸೋರಲಿಲ್ಲ. ತಳದ ಹಲಗೆ ತಡವಲು ಕೈ ಹಾಕಿದೆ. ಮೊಣಕಾಲೆತ್ತರದ ದೋಣಿಯದು, ಹೆಗಲವರೆಗೆ ತೋಳು ಇಳಿದರೂ ತಳ ಸಿಗಲಿಲ್ಲ. ಸುಡುಬಿಸಿಲಲ್ಲೂ ನೀರು ತಣ್ಣಗೆ ಕೊರೆಯುತ್ತಿತ್ತು. ಕೈ ಎಳೆದುಕೊಂಡಾಗ ಬೆರಳಿನ ಉಂಗುರ ಇರಲಿಲ್ಲ. ನೀರು ಚೆಲ್ಲಿ ಹುಡುಕಿದರೆ ಬರಿಯ ಹಲಗೆ.

"ಇದು ಬ್ಯಾಡ್ರಿ ಮಾವ, ಹೊಸಾದ ಮಾಡಿಸೋಣ್ರಿ," ಎಂದೆ.

ಮಳೆಗೆ ಮೊದಲು ಜಮಖಂಡಿಯ ಬಡಿಗ ಹೊಸ ದೋಣಿ ಮುಗಿಸಿ ನೀರು ತುಂಬಿದ. ನಾನು ದೂರ ನಿಂತೆ. ಮುರಗೆಪ್ಪ ಮಾವ ಕೈ ಇಳಿಸಿದರು.

"ತಳ ಐತಿ, ಬಾರಲೇ," ಎಂದು ನಕ್ಕರು. ಆಮೇಲೆ ನಗು ನಿಂತಿತು. ಮುಷ್ಟಿ ಬಿಚ್ಚಿ ನನ್ನತ್ತ ಚಾಚಿದರು.

"ಇದು ನಿಂದ ಅಲ್ಲೇನು?"

ಉಂಗುರ ನನ್ನದೇ. ಇನ್ನೂ ಕೊರೆಯುತ್ತಿತ್ತು.