ಒಂಬತ್ತು ಅಂಜಲ್

ಪರ್ಕಳದಲ್ಲಿ ಜೆರಾಕ್ಸ್ ಅಂಗಡಿ ತೆರೆಯಲು ರೂಪೇಶನಿಗೆ ಒಂಬತ್ತು ಅಂಜಲ್ ಮೀನು ಬೇಕಾದವು. ಪರವಾನಗಿ ಕೊಡುವ ಅಧಿಕಾರಿ ಭೋಜ ಲಂಚದ ಹಣ ಮುಟ್ಟುವವನಲ್ಲ. ಹಾಗೆಂದು ಅವನೇ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದ. ಅರ್ಜಿ ಮುಂದೆ ಸರಿಯಬೇಕಾದ ಪ್ರತಿ ಸಲವೂ ರೂಪೇಶ ಬೆಳಗ್ಗೆ ಮಲ್ಪೆ ಬಂದರಿಗೆ ಹೋಗಿ, ದಪ್ಪದ ಅಂಜಲ್ ಆರಿಸಿ, ಕಚೇರಿಗೆ ಮುಟ್ಟಿಸಬೇಕು. ಒಂಬತ್ತನೆಯದನ್ನು ಕೊಟ್ಟ ದಿನ ಭೋಜ ಚೀಲದೊಳಗೆ ಇಣುಕಿ, "ಇದು ನಿನ್ನೆಯದ್ದಲ್ವಾ?" ಎಂದ. ಸೇಡಿನ ಆಲೋಚನೆ ಹುಟ್ಟಿದ್ದು ಆಗ.

ಯೋಜನೆ ಸರಳವಾಗಿತ್ತು. ದೆಹಲಿಯ ಭ್ರಷ್ಟಾಚಾರ ನಿಗ್ರಹ ಸಂಸ್ಥೆಯವರೆಂದು ಹೇಳಿ ಭೋಜನ ಕಾಪುವಿನ ಮನೆಗೆ ಹೋಗುವುದು, ಕಪಾಟಿನ ಚಿನ್ನವನ್ನು ಮುಟ್ಟುಗೋಲು ಹಾಕಿಕೊಂಡು ಹೊರಡುವುದು. ಲಂಚ ತಿಂದವನು ಪೊಲೀಸರ ಬಳಿ ಹೋಗಲಾರ. ಗುರುತು ಹಿಡಿಯುವ ಭಯವೂ ಇರಲಿಲ್ಲ. ಒಂಬತ್ತು ಭೇಟಿಗಳಲ್ಲಿ ಭೋಜ ನೋಡಿದ್ದು ಚೀಲವನ್ನು, ರೂಪೇಶನ ಮುಖವನ್ನಲ್ಲ.

ದೆಹಲಿಯ ಸಾಹೇಬನ ಪಾತ್ರಕ್ಕೆ ಶಿರ್ವದ ಗೆಳೆಯ ಡೆರಿಕ್ ಒಪ್ಪಿದ. ಆರಡಿ ಆಳು, ಮದುವೆಗೆ ಹೊಲಿಸಿದ ಕೋಟು, ಸ್ವಂತ ಕಾರು. ಹಿಂದಿ ಮಾತ್ರ ಬಾರದು.

"ಯಾರು ಎಂತ ಕೇಳಿದರೂ 'ಠೀಕ್ ಹೈ' ಅಂದರೆ ಸಾಕು ಮಾರಾಯ. ಉಳಿದದ್ದಕ್ಕೆ ನಾನಿದ್ದೇನೆ," ಎಂದ ರೂಪೇಶ. ಸಾಹೇಬರ ಮಾತನ್ನು ಕನ್ನಡದಲ್ಲಿ ತಿಳಿಸುವ ಕಿರಿಯ ಅಧಿಕಾರಿಯ ಪಾತ್ರ ಅವನದು.

ಮಂಗಳವಾರ ಬೆಳಗ್ಗೆ ಏಳಕ್ಕೆ ಇಬ್ಬರೂ ಒಳಗೆ ಕಾಲಿಟ್ಟಾಗ ಬನಿಯನ್ನಿನಲ್ಲಿದ್ದ ಭೋಜ 'ದೆಹಲಿ' ಎಂಬ ಮಾತು ಕೇಳಿಯೇ ಎದ್ದು ನಿಂತ. ಅವನು ಡೆರಿಕ್‌ಗೆ ಕೈ ಮುಗಿದ. "ಸಾರ್, ಹೇಗಾದರೂ ಬಿಟ್ಟುಬಿಡಿ. ಫ್ರಿಜ್ಜಿನಲ್ಲಿ ಅಂಜಲ್ ಉಂಟು."

"ಠೀಕ್ ಹೈ," ಎಂದ ಡೆರಿಕ್.

ರೂಪೇಶ ಅವನ ಕಾಲು ತುಳಿದ. ಅಷ್ಟರಲ್ಲಿ ಭೋಜ ಮೀನನ್ನು ಪೇಪರಿನಲ್ಲಿ ಸುತ್ತತೊಡಗಿದ್ದ.

ಚಿನ್ನ ಚೀಲಕ್ಕಿಳಿಯುವುದನ್ನು ಭೋಜನ ಹೆಂಡತಿ ಅಮ್ಮಣ್ಣಿ ನೋಡುತ್ತ ನಿಂತಿದ್ದರು. "ಅದು ನನ್ನ ಸಂಬಳದ್ದು," ಎಂದಷ್ಟೇ ಅಂದರು. ರೂಪೇಶ ಗಂಭೀರವಾಗಿ ಮುಟ್ಟುಗೋಲು ನೋಟೀಸನ್ನು ಅವರ ಕೈಗಿತ್ತ. ಮೂರು ದಿನ ಕೂತು ಟೈಪ್ ಮಾಡಿದ ಕಾಗದ. ಮೊಹರು, ಸಹಿ, ಕಲಂಗಳು, ಎಲ್ಲ ಉಂಟು, ಒಂದು ಕಾಗುಣಿತ ತಪ್ಪಿಲ್ಲ. ಅಮ್ಮಣ್ಣಿ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. ಮತ್ತೊಮ್ಮೆ ಓದಿದರು. "ಚಾ ಕುಡಿದು ಹೋಗಿ," ಎಂದು ಒಳಗೆ ಹೋದರು.

"ಠೀಕ್ ಹೈ," ಎಂದ ಡೆರಿಕ್.

ಚಾ ಬರಲು ಹೊತ್ತಾಯಿತು. ಅದರ ಹಿಂದೆಯೇ ಪೊಲೀಸ್ ಜೀಪೂ ಬಂತು. ಒಂದು ಕೈಯಲ್ಲಿ ಚಿನ್ನದ ಚೀಲ, ಇನ್ನೊಂದರಲ್ಲಿ ಲೋಟ ಹಿಡಿದು ರೂಪೇಶ ಕಲ್ಲಿನಂತೆ ನಿಂತ. ಎಲ್ಲಿ ತಪ್ಪಿದ್ದು ಎಂದು ಅವನಿಗೆ ಹೊಳೆಯಲೇ ಇಲ್ಲ. ಅಮ್ಮಣ್ಣಿ ನೋಟೀಸನ್ನು ಮಡಚಿ ಇನ್ಸ್‌ಪೆಕ್ಟರರಿಗೆ ಕೊಟ್ಟು ಅವನತ್ತ ತಿರುಗಿದರು. "ನಾನು ಮೂವತ್ತೆರಡು ವರ್ಷ ಪೋಸ್ಟ್ ಆಫೀಸಿನಲ್ಲಿ ಇದ್ದವಳು ಮಾರಾಯ. ದೆಹಲಿಯಿಂದ ಎಷ್ಟು ಕಾಗದ ಬಂದಿದೆಯೋ ದೇವರಿಗೇ ಗೊತ್ತು. ಒಂದಾದರೂ ಕನ್ನಡದಲ್ಲಿ ಇತ್ತಾ? ಇದು ನನಗೆ ಪೂರ್ತಿ ಅರ್ಥ ಆಯಿತು!"