ಒಂದೇ ಉಸಿರು

ನಾನಾಗ ಸಂಗೀತ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. "ಉಸಿರು ನಿಭಾಯಿಸೋದು ಕಲಿ, ಹಾಡು ಆಮೇಲೆ" ಎಂದು ಮೇಡಂ ದಿನವೂ ಒಂದೇ ಸ್ವರದ ಸಾಧನೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸುತ್ತಿದ್ದರು.

ಅವತ್ತು ಮಧ್ಯಾಹ್ನ ಅಭ್ಯಾಸದ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಕಿಟಕಿ ತುಂಬ ಬಿಸಿಲಿದ್ದರೂ ಕತ್ತಿನ ಹಿಂದೆ ಮಾತ್ರ ತಣ್ಣಗಾಗುತ್ತಿತ್ತು. ಗಂಟಲೊಣಗಿದಾಗ ರೆಕಾರ್ಡಿಂಗ್ ಆಫ್ ಮಾಡದೆ ಹಾಡುವುದನ್ನಷ್ಟೇ ನಿಲ್ಲಿಸಿ, ಗಟಗಟನೆ ನೀರು ಕುಡಿದು, ಮತ್ತೆ ಶುರು ಮಾಡಿದೆ.

ಮರುದಿನ ಆ ರೆಕಾರ್ಡಿಂಗ್ ಕೇಳಿ ಮೇಡಂ ಕಣ್ಣರಳಿಸಿದರು. "ಭೇಷ್ ಕಣೇ! ಎಲ್ಲೂ ಕಡಿದಿಲ್ಲ, ಒಂದೇ ಉಸಿರು!"

"ಇಲ್ಲ ಮೇಡಂ, ಮಧ್ಯೆ ನಿಲ್ಸಿದ್ನಲ್ಲ..."

"ನನ್ ಕಿವಿಗೇ ಹೂ ಇಡ್ತೀಯಾ? ಅದಿರ್ಲಿ, ಪಕ್ಕದಲ್ಲಿ ನೀರು ಕುಡೀತಿರೋದು ಯಾರೇ?"

ಫೋನನ್ನು ಕಿವಿಗೊತ್ತಿಕೊಂಡೆ. ಬಾಟಲಿಯ ಮುಚ್ಚಳ ತಿರುಗಿತು. ನೀರು ನುಂಗುತ್ತಿದ್ದವಳು ನಾನು. ಅದರ ಜೊತೆಜೊತೆಗೇ, ಒಂದಿಷ್ಟೂ ನಡುಗದೆ ಹಾಡುತ್ತಿದ್ದ ದನಿಯೂ ನನ್ನದೇ.